ಹಸುವಿನ ಕೊಂಬು ಬಡಿದು ಅಪ್ಪನ ಕಣ್ಣೊಳಗಿನ ಮಸೂರ ಜಾರಿದೆ: ಅದನ್ನೇ ಮತ್ತೆ ಕೂರಿಸಬಹುದೇ?

ಗೂಡುಸಂತೆ, ಶಿಡ್ಲಘಟ್ಟ

ಅಪ್ಪನ ವಿಷಯದಲ್ಲಿ ಸಲಹೆ ಬೇಕಾಗಿದೆ. ಅವರಿಗೆ ಎಪ್ಪತ್ತು ದಾಟಿದೆ. ಹಲವು ವರ್ಷಗಳ ಹಿಂದೆ ಒಂದು ಉಚಿತ ಶಿಬಿರದಲ್ಲಿ ಬಲಗಣ್ಣಿನ ಪೊರೆ ತೆಗೆದು ಕೃತಕ ಮಸೂರ ಹಾಕಿದ್ದರು. ಇಷ್ಟು ಕಾಲ ಯಾವ ತೊಂದರೆಯೂ ಇರಲಿಲ್ಲ. ಹಣ್ಣಾದ ರೇಷ್ಮೆಹುಳುಗಳನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೆಲಸ ನಮ್ಮ ಮನೆಯಲ್ಲಿ ಇವತ್ತಿಗೂ ಅವರದೇ. ಅಷ್ಟು ಚೊಕ್ಕವಾಗಿ ಕಾಣುತ್ತಿತ್ತು.

ಹೋದ ವಾರ ಮೇವು ಹಾಕುವಾಗ ಹಸು ನೊಣ ಓಡಿಸಲೆಂದು ತಲೆ ಬೀಸಿತು. ಕೊಂಬಿನ ಬುಡ ನೇರವಾಗಿ ಬಲಗಣ್ಣಿಗೆ ಬಡಿಯಿತು. ರಕ್ತ ಬರಲಿಲ್ಲ, ರೆಪ್ಪೆ ಮಾತ್ರ ಊದಿಕೊಂಡಿತು. ಊತ ಇಳಿದ ಮೇಲೆ ನೋಡಿದರೆ ಎಲ್ಲವೂ ಮಂಜು. ಎಡಗಣ್ಣು ಮುಚ್ಚಿಕೊಂಡರೂ ಒಂದು ದೀಪ ಎರಡಾಗಿ ಕಾಣುತ್ತದೆಯಂತೆ. ತಲೆ ಬಗ್ಗಿಸಿದರೆ ಒಂದು ರೀತಿ, ಎತ್ತಿದರೆ ಇನ್ನೊಂದು ರೀತಿ. ಚಿಕ್ಕಬಳ್ಳಾಪುರದಲ್ಲಿ ತೋರಿಸಿದೆವು. ಮಸೂರ ಅದರ ಚೀಲದ ಸಮೇತ ಕೆಳಕ್ಕೆ ಜಾರಿದೆ, ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ತಜ್ಞರು ಇರುವ ಕಡೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ.

ಅಪ್ಪ ಒಪ್ಪುತ್ತಿಲ್ಲ. ಇನ್ನೊಂದು ಕಣ್ಣು ಇದೆಯಲ್ಲ, ಈ ಬೆಳೆ ಮುಗಿಯಲಿ, ಗೂಡು ಮಾರುಕಟ್ಟೆಗೆ ಹೋಗಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಜಾರಿದ ಮಸೂರವನ್ನೇ ಮತ್ತೆ ಕೂರಿಸಲು ಆಗುತ್ತದೆಯೇ ಅಥವಾ ಹೊಸದನ್ನೇ ಹಾಕಬೇಕೇ? ಎಷ್ಟು ಕಾಲ ಕಾಯಬಹುದು? ಅನುಭವ ಇರುವವರು ದಯವಿಟ್ಟು ಹೇಳಿ.

ಹುಣಸೆತೋಪು, ಚಿಂತಾಮಣಿ

ಶಿಬಿರದಲ್ಲಿ ಹಾಕಿದ ಮಸೂರ ಎಂದ ಮೇಲೆ ಇನ್ನೇನು ನಿರೀಕ್ಷಿಸುತ್ತೀರಿ? ಪುಕ್ಕಟೆ ಸಿಕ್ಕಿದ್ದು ಎಷ್ಟು ದಿನ ಬಾಳುತ್ತದೆ? ಈಗಲಾದರೂ ಒಳ್ಳೆಯ ವಿದೇಶಿ ಮಸೂರ ಹಾಕಿಸಿ.

ಬಂಗಾರಪೇಟೆ ರೈಲು, ಕೋಲಾರ

ಹುಣಸೆತೋಪು ಅವರೇ, ಈ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಕಿ, ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಮಸೂರ ಜಾರುವುದಕ್ಕೂ ಅದರ ಬೆಲೆಗೂ ಸಂಬಂಧವಿಲ್ಲ. ಲಕ್ಷ ರೂಪಾಯಿಯ ಮಸೂರವೂ ಜಾರುತ್ತದೆ.

ಕಣ್ಣೊಳಗೆ ನಮ್ಮ ಹುಟ್ಟು ಮಸೂರ ಒಂದು ತೆಳ್ಳನೆಯ ಚೀಲದಲ್ಲಿ ಇರುತ್ತದೆ. ನಾಲ್ಕೂ ಕಡೆ ಹಗ್ಗ ಕಟ್ಟಿ ತೊಟ್ಟಿಲನ್ನು ತೂಗುಹಾಕಿದ ಹಾಗೆ ಆ ಚೀಲವನ್ನು ಸುತ್ತಲೂ ನೂರಾರು ನವಿರಾದ ಎಳೆಗಳು ಹಿಡಿದುಕೊಂಡಿರುತ್ತವೆ. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಂಜಾದ ಮಸೂರವನ್ನು ತೆಗೆದು, ಅದೇ ಚೀಲದೊಳಗೆ ಕೃತಕ ಮಸೂರವನ್ನು ಇಡುತ್ತಾರೆ. ಇದರ ಮಧ್ಯದ ಬಿಲ್ಲೆ ಸುಮಾರು 6 ಮಿಲಿಮೀಟರ್, ಎರಡೂ ಕಡೆಯ ಕೊಕ್ಕೆಗಳು ಸೇರಿದರೆ 12ರಿಂದ 13 ಮಿಲಿಮೀಟರ್. ಎಳೆಗಳು ಗಟ್ಟಿಯಾಗಿರುವ ತನಕ ಅಗ್ಗದ ಮಸೂರವೂ ಜೀವಮಾನವಿಡೀ ಅಲ್ಲೇ ಇರುತ್ತದೆ. ಎಳೆಗಳು ಸಡಿಲವಾದರೆ ಯಾವ ಕಂಪನಿಯದ್ದಾದರೂ ಚೀಲದ ಸಮೇತ ಕೆಳಗಿಳಿಯುತ್ತದೆ. ಅವರ ತಂದೆಗೆ ಆಗಿರುವುದು ಇದೇ.

ಎಳೆಗಳು ಸಡಿಲವಾಗಲು ಪೆಟ್ಟು ಒಂದು ಕಾರಣ. ತೀವ್ರ ಸಮೀಪದೃಷ್ಟಿ ಇನ್ನೊಂದು. ಹಿಂದೆ ರೆಟಿನಾ ಶಸ್ತ್ರಚಿಕಿತ್ಸೆ ಆಗಿರುವುದು, ಕಣ್ಣೊಳಗೆ ಪದೇ ಪದೇ ಉರಿಯೂತ ಬರುವುದು, ಕಣ್ಣನ್ನು ಜೋರಾಗಿ ಉಜ್ಜುವ ಅಭ್ಯಾಸ, ಇವೂ ಇವೆ. ವಯಸ್ಸಾದವರಲ್ಲಿ ಬಹಳ ಮುಖ್ಯವಾದದ್ದು ಸ್ಯೂಡೊಎಕ್ಸ್‌ಫೋಲಿಯೇಶನ್ ಎಂಬ ಸ್ಥಿತಿ. ಪಾಪೆಯ ಅಂಚಿನಲ್ಲೂ ಮಸೂರದ ಮೇಲೂ ಬಿಳಿ ಹೊಟ್ಟಿನಂಥ ಪುಡಿ ಕೂರುತ್ತದೆ, ಎಳೆಗಳು ನಿಧಾನವಾಗಿ ಬಲ ಕಳೆದುಕೊಳ್ಳುತ್ತವೆ. ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಗಿದ್ದು, ಹತ್ತು ವರ್ಷ ಕಳೆದ ಮೇಲೆ ಮಸೂರ ಜಾರುವುದಕ್ಕೆ ಹೆಚ್ಚಾಗಿ ಕಾಣುವ ಕಾರಣ ಇದು.

ಹುಣಸೆತೋಪು, ಚಿಂತಾಮಣಿ

ನಮ್ಮ ದೊಡ್ಡಮ್ಮನಿಗೆ ಶಿಬಿರದಲ್ಲಿಯೇ ಕಣ್ಣು ಹಾಳಾಯಿತು, ಆ ಸಿಟ್ಟಿನಿಂದ ಬರೆದೆ. ಆದರೂ ಶಿಬಿರಗಳಲ್ಲಿ ಒಂದೇ ದಿನ ಅಷ್ಟೊಂದು ಜನರಿಗೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಮಧುಗಿರಿ ಬಂಡೆ, ತುಮಕೂರು

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಶಿಬಿರಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ. ನಿವೃತ್ತ ವಿಜ್ಞಾನ ಶಿಕ್ಷಕ ನಾನು. ಡಾ. ಎಂ.ಸಿ. ಮೋದಿಯವರು ಹಳ್ಳಿಹಳ್ಳಿಗೆ ಹೋಗಿ ಶಿಬಿರ ನಡೆಸುತ್ತಿದ್ದ ಕಾಲವನ್ನು ಕಂಡ ತಲೆಮಾರು ನಮ್ಮದು. ಅವರು 2005ರಲ್ಲಿ ತೀರಿಕೊಂಡಾಗ ಈ ನಾಡಿನ ಎಷ್ಟು ಮನೆಗಳಲ್ಲಿ ಅವರನ್ನು ನೆನೆದರು ಎಂಬುದು ನಮಗೆ ಗೊತ್ತು. ಆ ಹಳೆಯ ಶಿಬಿರಗಳಲ್ಲಿ ಪೊರೆಯನ್ನು ತೆಗೆದು ಕಳುಹಿಸುತ್ತಿದ್ದರು, ಒಳಗೆ ಮಸೂರ ಇಡುವ ಪದ್ಧತಿ ಇರಲಿಲ್ಲ. ಅದಕ್ಕೇ ನಮ್ಮ ಅಜ್ಜಂದಿರೆಲ್ಲ ಸೋಡಾಬುಡ್ಡಿ ಕನ್ನಡಕ ಹಾಕುತ್ತಿದ್ದರು. ಆ ಕನ್ನಡಕ ಒಡೆದರೆ ಮತ್ತೆ ಕತ್ತಲೆ.

ಕಣ್ಣೊಳಗೆ ಮಸೂರ ಇಡುವ ಯೋಚನೆ ಮೂಡಿದ ಬಗೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನಗಳ ಗಾಜಿನಂಥ ಮುಚ್ಚಳ ಒಡೆದು, ಅದರ ಚೂರುಗಳು ವಿಮಾನ ಚಾಲಕರ ಕಣ್ಣೊಳಗೆ ಸೇರಿಕೊಂಡಿದ್ದವು. ಆ ಪ್ಲಾಸ್ಟಿಕ್ ಚೂರು ಒಳಗಿದ್ದರೂ ಕಣ್ಣು ಕೆರಳುವುದಿಲ್ಲ ಎಂಬುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರ್‌ನಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಬಗೆಯ ವಸ್ತುವಿನ ಮಸೂರವನ್ನು ರೋಗಿಯೊಬ್ಬರ ಕಣ್ಣಿಗೆ ಹಾಕಿದರು. ಇಲ್ಲಿನ ಚರ್ಚೆಗೆ ಸಂಬಂಧಿಸಿದ ಸಂಗತಿ ಎಂದರೆ, ರಿಡ್ಲಿಯವರ ಆರಂಭದ ಮಸೂರಗಳನ್ನು ಕಾಡಿದ ತೊಂದರೆಗಳಲ್ಲಿ ಜಾರುವುದೂ ಒಂದು. ಇದು ಹೊಸ ಸಮಸ್ಯೆಯಲ್ಲ, ಶಿಬಿರದ ಸಮಸ್ಯೆಯೂ ಅಲ್ಲ. ಮದುರೆಯ ಅರೋಲ್ಯಾಬ್ 1992ರಲ್ಲಿ ಶುರುವಾಗಿ ಮಸೂರವನ್ನು ನಮ್ಮಲ್ಲೇ ಕಡಿಮೆ ಬೆಲೆಗೆ ತಯಾರಿಸಿದ್ದರಿಂದ ಬಡವರ ಕಣ್ಣಿಗೂ ಮಸೂರ ಸಿಕ್ಕಿತು. ಅಗ್ಗ ಎಂದರೆ ಕಳಪೆ ಎಂದಲ್ಲ.

ಮಾವಿನಕಟ್ಟೆ, ಶ್ರೀನಿವಾಸಪುರ

ಕಣ್ಣಿಗೆ ಶುದ್ಧ ಜೇನುತುಪ್ಪ ಬಿಟ್ಟು, ಬೆಳಗ್ಗೆ ಕಣ್ಣಿನ ವ್ಯಾಯಾಮ ಮಾಡಿದರೆ ಒಳಗಿನ ಎಳೆಗಳು ಬಿಗಿಯಾಗುತ್ತವೆ ಎಂದು ಕೇಳಿದ್ದೇನೆ. ಕತ್ತರಿಗೆ ಮುಂಚೆ ಅದನ್ನೊಂದು ಪ್ರಯತ್ನಿಸಬಾರದೇ?

ಬಂಗಾರಪೇಟೆ ರೈಲು, ಕೋಲಾರ

ಬೇಡವೇ ಬೇಡ! ಕಡಿದುಹೋದ ಎಳೆ ಮತ್ತೆ ಬೆಳೆಯುವುದಿಲ್ಲ, ಹನಿ ಹಾಕಿದರೂ ಇಲ್ಲ, ವ್ಯಾಯಾಮ ಮಾಡಿದರೂ ಇಲ್ಲ. ಜೇನು, ಎದೆಹಾಲು, ಹರಳೆಣ್ಣೆ ಹಾಕಿಕೊಂಡು ಕಾರ್ನಿಯಾದಲ್ಲಿ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ) ಹುಣ್ಣು ಮಾಡಿಕೊಂಡು ಬರುವವರನ್ನು ನೋಡಿ ನೋಡಿ ಸಾಕಾಗಿದೆ. ಪೆಟ್ಟು ತಿಂದ ಕಣ್ಣಿಗೆ ವೈದ್ಯರು ಬರೆದುಕೊಟ್ಟ ಹನಿ ಬಿಟ್ಟು ಬೇರೇನೂ ಹೋಗಬಾರದು. ಶೀರ್ಷಾಸನವೂ ಬೇಡ, ಅದು ಕಣ್ಣಿನ ಒತ್ತಡವನ್ನು ಏರಿಸುತ್ತದೆ.

ಹಾಲಿನ ಡೇರಿ, ಗೌರಿಬಿದನೂರು

ಹಸುವಿನ ಕೊಂಬಿನ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಕರುವಿಗೆ ಕೆಲವು ವಾರಗಳು ಇರುವಾಗಲೇ ಪಶುವೈದ್ಯರಿಂದ ಕೊಂಬಿನ ಮೊಗ್ಗು ಸುಡಿಸಿಬಿಡಿ. ನಮ್ಮ ಕಡೆ ಸೀಮೆಹಸು ಸಾಕುವವರು ಬಹಳಷ್ಟು ಜನ ಹಾಗೆ ಮಾಡಿಸುತ್ತಾರೆ. ಕಣ್ಣು, ಪಕ್ಕೆಲುಬು ಎರಡೂ ಉಳಿಯುತ್ತವೆ.

ಹುಣಸೆತೋಪು, ಚಿಂತಾಮಣಿ

ನಾಟಿ ಹಸುವಿಗೆ ಕೊಂಬೇ ಲಕ್ಷಣ. ಅದನ್ನು ಸುಡುವುದು ಎಂದರೆ ಮನಸ್ಸು ಒಪ್ಪುವುದಿಲ್ಲ.

ಹಾಲಿನ ಡೇರಿ, ಗೌರಿಬಿದನೂರು

ಲಕ್ಷಣ ನೋಡಲು ಕಣ್ಣು ಇರಬೇಕಲ್ಲ ಸ್ವಾಮಿ.

ಕೆರೆಯಂಗಳ, ನಿರ್ವಾಹಕರು

ಕೊಂಬಿನ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಒಬ್ಬರು ತಂದೆಯ ಕಣ್ಣಿನ ಚಿಂತೆಯಲ್ಲಿದ್ದಾರೆ.

ತೆಂಗಿನಸಾಲು, ತಿಪಟೂರು

ನಮ್ಮ ತಾಯಿಗೆ ಇದೇ ಆಗಿತ್ತು, ಆದರೆ ಪೆಟ್ಟೇನೂ ಬಿದ್ದಿರಲಿಲ್ಲ. ಒಂದು ಬೆಳಗ್ಗೆ ಎದ್ದಾಗ ಎಡಗಣ್ಣಿನಲ್ಲಿ ಎದುರಿನ ಗೋಡೆಯ ಕ್ಯಾಲೆಂಡರ್ ಮಾಯ. ಮಸೂರ ಪೂರ್ತಿಯಾಗಿ ಕಣ್ಣಿನ ಹಿಂಭಾಗಕ್ಕೆ, ರೆಟಿನಾದ ಮೇಲಕ್ಕೆ ಬಿದ್ದುಬಿಟ್ಟಿತ್ತು. ನಾವು ಗಾಬರಿಯಾದೆವು. ಕಣ್ಣೇ ಹೋಯಿತು ಎಂದು ಅಮ್ಮ ಅಳುತ್ತಿದ್ದರು. ಆಶ್ಚರ್ಯವೆಂದರೆ ಆ ಕಣ್ಣಿಗೆ ದಪ್ಪ ಪ್ಲಸ್ ಸಂಖ್ಯೆಯ ಗಾಜು ಹಿಡಿದು ನೋಡಿದಾಗ ಅಕ್ಷರ ಕಂಡಿತು! ಕಣ್ಣಿನ ಹಿಂಭಾಗ ಚೆನ್ನಾಗಿದೆ, ಬೆಳಕನ್ನು ಒಂದೆಡೆ ಸೇರಿಸುವ ಮಸೂರ ಮಾತ್ರ ಜಾಗದಲ್ಲಿಲ್ಲ ಎಂದು ಆಗ ವೈದ್ಯರು ವಿವರಿಸಿದರು. ಈ ಒಂದು ಮಾತು ಕೇಳಿದ ಮೇಲೆ ಅಮ್ಮನ ಧೈರ್ಯ ಮರಳಿತು. ಗೂಡುಸಂತೆ ಅವರೇ, ನಿಮ್ಮ ತಂದೆಗೂ ಹೀಗೆ ಗಾಜು ಹಿಡಿದು ತೋರಿಸಲು ಕೇಳಿ. ಎಷ್ಟು ದೃಷ್ಟಿ ಮರಳಬಹುದು ಎಂಬುದನ್ನು ಅವರೇ ಕಂಡರೆ ಹಟ ಬಿಡುತ್ತಾರೆ.

ಶಸ್ತ್ರಚಿಕಿತ್ಸೆಯಲ್ಲಿ ಮೊದಲು ಕಣ್ಣಿನ ಒಳಗೆ ತುಂಬಿಕೊಂಡಿರುವ ಲೋಳೆಯಂಥ ವಿಟ್ರಿಯಸ್ಸನ್ನು ತೆಗೆದರು. ಆಮೇಲೆ ಕೆಳಗೆ ಬಿದ್ದಿದ್ದ ಮಸೂರವನ್ನು ಮೇಲೆತ್ತಿದರು. ಅಮ್ಮನದು ಮೂರು ತುಂಡಿನ ಮಸೂರ, ಅಂದರೆ ಬಿಲ್ಲೆ ಬೇರೆ, ಎರಡು ಕೊಕ್ಕೆ ಬೇರೆ ಇರುವ ಜಾತಿಯದು. ಅದನ್ನು ಹೊರಗೆ ತೆಗೆಯದೆಯೇ ಹೊಲಿಗೆಯೂ ಇಲ್ಲದೆ ಕೂರಿಸಿದರು. ಸಣ್ಣ ಸೂಜಿಯಿಂದ ಬಿಳಿಗುಡ್ಡೆಯ ಮೂಲಕ ಕೊಕ್ಕೆಯ ತುದಿಯನ್ನು ಹೊರತಂದು, ಅದಕ್ಕೆ ಸ್ವಲ್ಪ ಶಾಖ ಕೊಟ್ಟು ಗುಂಡು ತಲೆಯಂತೆ ಮಾಡಿ, ಬಿಳಿಗುಡ್ಡೆಯೊಳಗೇ ಹುದುಗಿಸಿಬಿಡುತ್ತಾರೆ. ಈಗ ಅಮ್ಮ ಕನ್ನಡಕ ಹಾಕಿಕೊಂಡು ದಿನಪತ್ರಿಕೆ ಓದುತ್ತಾರೆ.

ಬಂಗಾರಪೇಟೆ ರೈಲು, ಕೋಲಾರ

ತೆಂಗಿನಸಾಲು ಅವರು ಹೇಳುತ್ತಿರುವುದು ಜಪಾನಿನ ಶಿನ್ ಯಮಾನೆ 2017ರಲ್ಲಿ ಪ್ರಕಟಿಸಿದ ವಿಧಾನ. ಇದಕ್ಕೆ ಹತ್ತು ವರ್ಷ ಮೊದಲು, 2007ರಲ್ಲಿ, ಚೆನ್ನೈನ ಡಾ. ಅಮರ್ ಅಗರವಾಲ್ ಫೈಬ್ರಿನ್ ಅಂಟು ಬಳಸಿ ಮಸೂರವನ್ನು ಬಿಳಿಗುಡ್ಡೆಗೆ ಹಿಡಿಸುವ ವಿಧಾನ ಶುರು ಮಾಡಿದರು. ಇದಲ್ಲದೆ ದಾರದಿಂದ ಬಿಳಿಗುಡ್ಡೆಗೆ ಹೊಲಿಯುವುದಿದೆ, ಪಾಪೆಯ ಸುತ್ತಲಿನ ಬಣ್ಣದ ಪರದೆಗೆ ಹೊಲಿಯುವುದಿದೆ, ಹಳೆಯದನ್ನು ತೆಗೆದು ಆ ಪರದೆಯನ್ನೇ ಚಿಮಟದಂತೆ ಹಿಡಿಯುವ ಬೇರೆ ಮಸೂರ ಹಾಕುವುದಿದೆ. ಯಾವುದು ಸರಿ ಎಂಬುದು ಕಣ್ಣನ್ನು ನೋಡಿದ ಮೇಲೆಯೇ ಗೊತ್ತಾಗುವುದು.

ಒಂದು ತುಂಡಿನ ಮೆತ್ತನೆಯ ಅಕ್ರಿಲಿಕ್ ಮಸೂರವನ್ನು ಯಮಾನೆ ವಿಧಾನದಲ್ಲಿ ಕೂರಿಸಲಾಗುವುದಿಲ್ಲ. ಅದರ ಕೊಕ್ಕೆ ದಪ್ಪ. ಆದರೆ ಅದು ಚೀಲದ ಒಳಗೇ ಇದ್ದರೆ, ಚೀಲದ ಮೂಲಕವೇ ಕೊಕ್ಕೆಗೆ ದಾರದ ಕುಣಿಕೆ ಹಾಕಿ ಎತ್ತಿ ಕಟ್ಟಬಹುದು. ಶಿಬಿರಗಳಲ್ಲಿ ಹಾಕುತ್ತಿದ್ದ ಗಟ್ಟಿ ಮಸೂರವನ್ನೂ ಹೀಗೆಯೇ ಕಟ್ಟಬಹುದು. ಆ ಗಟ್ಟಿ ಮಸೂರವನ್ನು ತೆಗೆಯಬೇಕೆಂದರೆ ಕಣ್ಣಿನಲ್ಲಿ 6 ಮಿಲಿಮೀಟರಿಗೂ ಹೆಚ್ಚು ಅಗಲದ ಸೀಳು ಬೇಕು, ಏಕೆಂದರೆ ಅದು ಮಡಚುವುದಿಲ್ಲ. ಆದ್ದರಿಂದ ಸಾಧ್ಯವಿರುವ ಕಡೆ ಇದ್ದದ್ದನ್ನೇ ಎತ್ತಿ ಕೂರಿಸುವುದು ಕಣ್ಣಿಗೆ ಹಗುರ.

ಹುಣಸೆತೋಪು, ಚಿಂತಾಮಣಿ

ಹಾಗಾದರೆ ಹೊಸದು ಹಾಕುವುದು ತಪ್ಪೇ? ನನಗೆ ಗೊತ್ತಿರುವ ಇಬ್ಬರಿಗೆ ಹಳೆಯದನ್ನು ತೆಗೆದು ಹೊಸದನ್ನೇ ಹಾಕಿದ್ದಾರೆ. ಒಮ್ಮೆ ಜಾರಿದ್ದು ಇನ್ನೊಮ್ಮೆ ಜಾರುವುದಿಲ್ಲ ಎಂದು ಯಾರು ಭರವಸೆ ಕೊಡುತ್ತಾರೆ?

ಬಂಗಾರಪೇಟೆ ರೈಲು, ಕೋಲಾರ

ತಪ್ಪಲ್ಲ. ನಾರ್ವೆಯ ಓಸ್ಲೋದಲ್ಲಿ ವೈದ್ಯರು ಎರಡನ್ನೂ ಹೋಲಿಸಿ ಅಧ್ಯಯನ ಮಾಡಿದ್ದಾರೆ. ಕೆಲವರಿಗೆ ಜಾರಿದ್ದನ್ನೇ ಹೊಲಿದರು, ಕೆಲವರಿಗೆ ಹೊಸದನ್ನು ಹಾಕಿದರು. ದೃಷ್ಟಿಯ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಸೂರ ಒಡೆದಿದ್ದರೆ, ಕೊಕ್ಕೆ ಮುರಿದಿದ್ದರೆ, ಮೊದಲಿನಿಂದಲೂ ಅದರ ಪವರ್ ತಪ್ಪಾಗಿದ್ದರೆ ಬದಲಿಸುವುದೇ ಸರಿ.

ಮತ್ತೆ ಜಾರುವ ಬಗ್ಗೆ ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಮೊದಲೆಲ್ಲ ಬಳಸುತ್ತಿದ್ದ ಅತಿ ಸಣ್ಣ ಪಾಲಿಪ್ರೊಪಿಲೀನ್ ದಾರ ವರ್ಷಗಳು ಕಳೆದಂತೆ ಸವೆದು ತುಂಡಾಗುತ್ತಿತ್ತು. ಈಗ ಅದಕ್ಕಿಂತ ದಪ್ಪನೆಯದನ್ನು ಅಥವಾ ಗೋರ್‌ಟೆಕ್ಸ್ ದಾರವನ್ನು ಬಳಸುತ್ತಾರೆ. ಜಾರುವ ಸಾಧ್ಯತೆ ಸೊನ್ನೆ ಎಂದು ಯಾರೂ ಹೇಳಲಾರರು. ಮಸೂರ ಸ್ವಲ್ಪ ವಾರೆಯಾಗಿ ಕೂರುವುದು, ಒಳಗೆ ರಕ್ತ ಬರುವುದು, ರೆಟಿನಾದ ನಡುಭಾಗ ಊದಿಕೊಳ್ಳುವುದು, ಅಪರೂಪಕ್ಕೆ ಸೋಂಕು, ಇವೆಲ್ಲವನ್ನೂ ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರ ಬಾಯಿಂದಲೇ ಕೇಳಿ ತಿಳಿದುಕೊಳ್ಳಬೇಕು. ಒಪ್ಪಿಗೆ ಪತ್ರದಲ್ಲಿ ಎರಡೂ ಸಾಧ್ಯತೆಗಳನ್ನು ಬರೆಸಿಕೊಳ್ಳುತ್ತಾರೆ, ಏಕೆಂದರೆ ಮೇಜಿನ ಮೇಲೆ ಕಣ್ಣು ತೆರೆದ ಮೇಲೆ ನಿರ್ಧಾರ ಬದಲಾಗಬಹುದು. ಗಾಬರಿಯಾಗಬೇಡಿ.

ಗೂಡುಸಂತೆ, ಶಿಡ್ಲಘಟ್ಟ

ನಿಮಗೆಲ್ಲ ತುಂಬಾ ಧನ್ಯವಾದ. ಕಾಯುವ ವಿಷಯ ಹೇಳಿ. ಹುಳುಗಳು ನಾಲ್ಕನೇ ಜ್ವರದಿಂದ (ಕೊನೆಯ ಬಾರಿ ಚರ್ಮ ಕಳಚುವ ಹಂತ) ಎದ್ದಿವೆ, ಹಣ್ಣಾಗಲು ಇನ್ನೊಂದು ವಾರ. ಅಪ್ಪ ಅಲ್ಲಾಡುವುದಿಲ್ಲ ಎಂದು ಕುಳಿತಿದ್ದಾರೆ.

ತೆಂಗಿನಸಾಲು, ತಿಪಟೂರು

ಶಸ್ತ್ರಚಿಕಿತ್ಸೆಗೆ ದಿನಾಂಕ ಸಿಗಲು ಹೇಗೂ ಸ್ವಲ್ಪ ಸಮಯ ಹಿಡಿಯುತ್ತದೆ. ಆದರೆ ತೋರಿಸುವುದಕ್ಕೆ ಕಾಯಬೇಡಿ. ಹುಳ ನೋಡಿಕೊಳ್ಳಲು ಮನೆಯಲ್ಲಿ ಬೇರೆಯವರಿಲ್ಲವೇ?

ಬಂಗಾರಪೇಟೆ ರೈಲು, ಕೋಲಾರ

ಮಸೂರ ಜಾರಿದ್ದು ಒಂದೇ ಆಗಿದ್ದರೆ ಒಂದೆರಡು ವಾರ ಯೋಜನೆ ಮಾಡಿಕೊಂಡು ಹೋಗಬಹುದು. ಇಲ್ಲಿ ಪೆಟ್ಟು ಬಿದ್ದಿದೆ, ಅದು ಬೇರೆ ಲೆಕ್ಕ. ಪೆಟ್ಟಿಗೆ ರೆಟಿನಾ ಹರಿದಿರಬಹುದು, ಹಳೆಯ ಶಸ್ತ್ರಚಿಕಿತ್ಸೆಯ ಗಾಯದ ಜಾಗ ಬಿಟ್ಟುಕೊಂಡಿರಬಹುದು, ಕಣ್ಣಿನ ಒತ್ತಡ ಏರಿರಬಹುದು. ನಾಳೆ ನಾಡಿದ್ದರಲ್ಲಿಯೇ ರೆಟಿನಾ ತಜ್ಞರು ಪಾಪೆ ಹಿಗ್ಗಿಸಿ ನೋಡಲೇಬೇಕು. ಒಳಗೆ ರಕ್ತವಿದ್ದು ಕಾಣದಿದ್ದರೆ ಬಿ-ಸ್ಕ್ಯಾನ್ ಎಂಬ ಅಲ್ಟ್ರಾಸೌಂಡ್ ಮಾಡುತ್ತಾರೆ. ಅಂಗಾತ ಮಲಗಿಸಿಯೂ ನೋಡುತ್ತಾರೆ, ಏಕೆಂದರೆ ಕುಳಿತಾಗ ಅರ್ಧ ಜಾರಿದಂತೆ ಕಾಣುವ ಮಸೂರ ಮಲಗಿದಾಗ ಪೂರ್ತಿ ಹಿಂದಕ್ಕೆ ಹೋಗಬಹುದು.

ಮಿಂಚು ಹೊಡೆದಂತೆ ಬೆಳಕು ಕಂಡರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಒಂದು ಪಕ್ಕದಿಂದ ಪರದೆ ಎಳೆದಂತೆ ಕತ್ತಲಾದರೆ, ವಾಂತಿಯೊಂದಿಗೆ ಕಣ್ಣು ಸಿಡಿದರೆ, ಹುಳು ಯಾವ ಹಂತದಲ್ಲಿದ್ದರೂ ಸರಿ, ಅದೇ ಗಳಿಗೆಯಲ್ಲಿ ಹೊರಡಿ.

ಪಾವಗಡದ ಬಿಸಿಲು, ತುಮಕೂರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಅಕ್ಕನ ಮಗನಿಗೆ ಹನ್ನೆರಡು ವರ್ಷ. ಕಣ್ಣಿನ ಮಸೂರ ಜಾರಿದೆ ಎಂದಿದ್ದಾರೆ. ಅವನಿಗೆ ಯಾವ ಶಸ್ತ್ರಚಿಕಿತ್ಸೆಯೂ ಆಗಿಲ್ಲ, ಪೆಟ್ಟೂ ಬಿದ್ದಿಲ್ಲ. ವಯಸ್ಸಿಗೆ ಮೀರಿ ಎತ್ತರ, ಬೆರಳುಗಳು ಉದ್ದ. ಅವನಿಗೂ ಹೀಗೆ ಹೊಲಿಯುತ್ತಾರೆಯೇ?

ಬಂಗಾರಪೇಟೆ ರೈಲು, ಕೋಲಾರ

ಅದು ಹುಟ್ಟು ಮಸೂರ ಜಾರಿರುವುದು, ಇದಕ್ಕಿಂತ ಬೇರೆ ವಿಷಯ. ನೀವು ಹೇಳಿದ ಮೈಕಟ್ಟು ಕೇಳಿದರೆ ಮಾರ್ಫನ್ ಸಿಂಡ್ರೋಮ್ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಮಾರ್ಫನ್ ಇದ್ದರೆ ಕಣ್ಣಿಗಿಂತ ಹೃದಯದ ಮಹಾಪಧಮನಿಯ ಚಿಂತೆ ದೊಡ್ಡದು. ಮಕ್ಕಳ ವೈದ್ಯರಿಗೆ ತೋರಿಸಿ ಹೃದಯದ ಎಕೋ ಸ್ಕ್ಯಾನ್ ಮಾಡಿಸಿ. ಹೋಮೋಸಿಸ್ಟಿನೂರಿಯಾ ಎಂಬ ಇನ್ನೊಂದು ಕಾಯಿಲೆಯಲ್ಲೂ ಹೀಗಾಗುತ್ತದೆ, ಅದರಲ್ಲಿ ಅರಿವಳಿಕೆ ಕೊಡುವಾಗ ರಕ್ತ ಹೆಪ್ಪುಗಟ್ಟುವ ಭಯವಿದೆ. ಅದನ್ನು ಮುಂಚೆಯೇ ಪತ್ತೆ ಮಾಡಬೇಕು. ಕಣ್ಣಿನ ವೈದ್ಯರು ಇಷ್ಟರಲ್ಲಿ ಹೇಳಿಲ್ಲದಿದ್ದರೆ ನೀವಾಗಿಯೇ ಕೇಳಿ.

ಪಾವಗಡದ ಬಿಸಿಲು, ತುಮಕೂರು

ಹೃದಯದ ಬಗ್ಗೆ ಯಾರೂ ಹೇಳಿರಲಿಲ್ಲ. ಅಕ್ಕನಿಗೆ ಈಗಲೇ ಫೋನ್ ಮಾಡುತ್ತೇನೆ.

ನಂದಿಯ ತಪ್ಪಲು, ಚಿಕ್ಕಬಳ್ಳಾಪುರ

ಹಣದ ವಿಷಯ ಯಾರೂ ಎತ್ತಿಲ್ಲ. ಬಿಪಿಎಲ್ ಚೀಟಿ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ, 2018ರಿಂದ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಅದನ್ನು ಹಿಡಿದುಕೊಂಡೇ ಹೋಗಿ, ಇಲ್ಲದಿದ್ದರೆ ಬೆಂಗಳೂರಿನಿಂದ ಮತ್ತೆ ಚಿಕ್ಕಬಳ್ಳಾಪುರಕ್ಕೆ ಓಡಾಡಿಸುತ್ತಾರೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂದು ಒಬ್ಬರು ಕೂರುತ್ತಾರೆ. ಮಸೂರ ಕೂರಿಸುವುದು ಮತ್ತು ವಿಟ್ರಿಯಸ್ ತೆಗೆಯುವುದು, ಎರಡೂ ಸೇರಿ ಅನುಮೋದನೆ ಆಗಿದೆಯೇ ಎಂದು ಅವರನ್ನು ಮೊದಲೇ ಕೇಳಿ.

ಮಧುಗಿರಿ ಬಂಡೆ, ತುಮಕೂರು

ಕೆ.ಆರ್. ಮಾರುಕಟ್ಟೆಯ ಪಕ್ಕದ ಮಿಂಟೊ ಕಣ್ಣಾಸ್ಪತ್ರೆ ಸರ್ಕಾರಿ, ಅಲ್ಲಿ ರೆಟಿನಾ ವಿಭಾಗವಿದೆ. ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿದರೆ ದೂರವೇನಿಲ್ಲ. ಬೆಳಗ್ಗೆ ಬೇಗ ಸಾಲಿನಲ್ಲಿ ನಿಲ್ಲಬೇಕು, ಅಷ್ಟೇ.

ಬಂಗಾರಪೇಟೆ ರೈಲು, ಕೋಲಾರ

ಹೋಗುವಾಗ ಹಳೆಯ ಶಿಬಿರದ ಬಿಡುಗಡೆ ಚೀಟಿಯನ್ನು ಹುಡುಕಿ ಒಯ್ಯಿರಿ. ಅದರ ಮೇಲೆ ಮಸೂರದ ಪವರ್, ಮಾದರಿ ಮುದ್ರಿಸಿದ ಒಂದು ಸಣ್ಣ ಅಂಟುಚೀಟಿ ಇರುತ್ತದೆ. ಒಂದು ತುಂಡಿನದೋ ಮೂರು ತುಂಡಿನದೋ, ಗಟ್ಟಿಯೋ ಮೆತ್ತನೆಯದೋ ಎಂಬುದು ಅದರಿಂದ ತಿಳಿಯುತ್ತದೆ. ಶಸ್ತ್ರಚಿಕಿತ್ಸಕರ ಅರ್ಧ ಯೋಚನೆ ಅಲ್ಲೇ ಮುಗಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಗೂಡುಸಂತೆ, ಶಿಡ್ಲಘಟ್ಟ

ಚೀಟಿ ಸಿಕ್ಕಿತು, ಟ್ರಂಕಿನ ತಳದಲ್ಲಿ ಪಡಿತರ ಚೀಟಿಯ ಜೊತೆ. ಚಿಕ್ಕಮ್ಮ ಹುಳ ನೋಡಿಕೊಳ್ಳಲು ಬರುತ್ತಿದ್ದಾರೆ. ತೆಂಗಿನಸಾಲು ಅವರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರ ತಾಯಿ ಪೇಪರ್ ಓದುತ್ತಾರಂತೆಯೇ ಎಂದು ಎರಡು ಬಾರಿ ಕೇಳಿದರು. ನಾಳೆ ಹೊರಡುತ್ತೇವೆ.

ಮಾವಿನಕಟ್ಟೆ, ಶ್ರೀನಿವಾಸಪುರ

ಒಳ್ಳೆಯದಾಗಲಿ. ಶಸ್ತ್ರಚಿಕಿತ್ಸೆಯಾದ ಮೇಲೆ ದಿನಗಟ್ಟಲೆ ಬೋರಲಾಗಿ ಮಲಗಬೇಕಂತೆ, ವಯಸ್ಸಾದವರಿಗೆ ಅದು ಕಷ್ಟ. ಅದಕ್ಕೂ ಸಿದ್ಧರಾಗಿರಿ.

ತೆಂಗಿನಸಾಲು, ತಿಪಟೂರು

ನಮ್ಮ ತಾಯಿಗೆ ಹಾಗೇನೂ ಹೇಳಿರಲಿಲ್ಲ.

ಬಂಗಾರಪೇಟೆ ರೈಲು, ಕೋಲಾರ

ಬೋರಲು ಮಲಗುವುದು ರೆಟಿನಾಗೆ ಅನಿಲದ ಗುಳ್ಳೆ ತುಂಬಿದಾಗ. ಮಸೂರ ಕೂರಿಸುವುದಕ್ಕೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ರೆಟಿನಾದಲ್ಲಿ ಹರಿದ ಜಾಗ ಸಿಕ್ಕಿದರೆ ಮಾತ್ರ ಅನಿಲ ಹಾಕಬಹುದು. ಹಾಗೆ ಹಾಕಿದ್ದರೆ ಅದು ಕರಗುವ ತನಕ ವಿಮಾನ ಹತ್ತಬಾರದು, ಎತ್ತರದ ಬೆಟ್ಟಕ್ಕೂ ಹೋಗಬಾರದು. ಮೇಲೆ ಹೋದಂತೆ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ.

ನಂದಿಯ ತಪ್ಪಲು, ಚಿಕ್ಕಬಳ್ಳಾಪುರ

ಇದು ನಮಗೆ ಬೇಕಾದ ಮಾತು. ಕಣ್ಣು ಬಂತೆಂದು ಹರಕೆ ತೀರಿಸಲು ಮರುದಿನವೇ ನಂದಿಬೆಟ್ಟ ಹತ್ತುವವರಿದ್ದಾರೆ. ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ಹರಕೆಯನ್ನು ಬೆಟ್ಟದ ಬುಡದ ಭೋಗನಂದೀಶ್ವರನಿಗೇ ಸಲ್ಲಿಸಬಹುದು.

ಗೂಡುಸಂತೆ, ಶಿಡ್ಲಘಟ್ಟ

ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಶಸ್ತ್ರಚಿಕಿತ್ಸೆ ಆಯಿತು. ಕಣ್ಣಿನ ಸುತ್ತ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡಿದರು, ಪೂರ್ತಿ ಎಚ್ಚರ ತಪ್ಪಿಸಲಿಲ್ಲ. ಚೀಟಿಯ ಪ್ರಕಾರ ಅದು ಗಟ್ಟಿ ಮಸೂರ. ತೆಗೆಯಲಿಲ್ಲ. ಚೀಲದ ಸಮೇತ ಮೇಲೆತ್ತಿ, ಎರಡೂ ಕೊಕ್ಕೆಗಳಿಗೆ ದಾರದ ಕುಣಿಕೆ ಹಾಕಿ ಬಿಳಿಗುಡ್ಡೆಗೆ ಬಿಗಿದಿದ್ದಾರೆ. ರೆಟಿನಾದ ಅಂಚಿನಲ್ಲಿ ಒಂದು ಸಣ್ಣ ಹರಿದ ಜಾಗ ಸಿಕ್ಕಿತಂತೆ, ಅದಕ್ಕೆ ಅಲ್ಲೇ ಲೇಸರ್ ಹಾಕಿದರು. ಅನಿಲ ಬೇಕಾಗಲಿಲ್ಲ. ಬೆಳೆ ಮುಗಿಯಲೆಂದು ಕೂತಿದ್ದರೆ ಆ ಹರಿದ ಜಾಗ ಏನಾಗುತ್ತಿತ್ತೋ.

ದೀಪ ಈಗ ಒಂದೇ ಕಾಣುತ್ತದೆ. ಇನ್ನೂ ಸ್ವಲ್ಪ ಮಂಜು ಇದೆ. ಕನ್ನಡಕದ ಸಂಖ್ಯೆ ಸ್ಥಿರವಾಗಲು ಎರಡು ತಿಂಗಳಾದರೂ ಬೇಕು ಎಂದಿದ್ದಾರೆ. ಕೊಟ್ಟಿಗೆ, ಹೊಗೆ, ದೂಳು, ತಲೆಗೆ ಸ್ನಾನ ಎಲ್ಲಕ್ಕೂ ಸದ್ಯ ತಡೆ. ಯೋಜನೆಯಲ್ಲಿಯೇ ಆಯಿತು. ಶಿಫಾರಸು ಪತ್ರದ ಬಗ್ಗೆ ಹೇಳಿದ ನಂದಿಯ ತಪ್ಪಲು ಅವರಿಗೆ ಕೈಮುಗಿಯುತ್ತೇನೆ.

ಒಂದು ಹೊಸ ವಿಷಯವಿದೆ. ಎಡಗಣ್ಣಿನ ಪಾಪೆಯ ಅಂಚಿನಲ್ಲಿಯೂ ಬಿಳಿ ಪುಡಿ ಇದೆಯಂತೆ. ಬಲಗಣ್ಣಿನ ಎಳೆಗಳು ಮೊದಲೇ ಸಡಿಲವಾಗಿದ್ದವು, ಹಸುವಿನದು ಕೊನೆಯ ತಳ್ಳು ಎಂದರು. ಎಡಗಣ್ಣಿನ ಪೊರೆ ಇನ್ನೂ ತೆಗೆಸಿಲ್ಲ. ಅದೂ ಹೀಗೆಯೇ ಆಗುತ್ತದೆಯೇ?

ಹಾಲಿನ ಡೇರಿ, ಗೌರಿಬಿದನೂರು

ಸಂತೋಷದ ಸುದ್ದಿ. ಮೇವು ಹಾಕುವಾಗ ತಂದೆಯವರಿಗೆ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿಸಿ, ಸುಲಭವಾಗಿ ಒಡೆಯುವುದಿಲ್ಲ.

ಹುಣಸೆತೋಪು, ಚಿಂತಾಮಣಿ

ಹಳೆಯ ಮಸೂರವೇ ಉಳಿಯಿತು ಎಂದು ಕೇಳಿ ನಿಜಕ್ಕೂ ಖುಷಿಯಾಯಿತು. ದೊಡ್ಡಮ್ಮನನ್ನೂ ಒಮ್ಮೆ ರೆಟಿನಾ ತಜ್ಞರಿಗೆ ತೋರಿಸುವಂತೆ ಅಣ್ಣನಿಗೆ ಹೇಳಿದ್ದೇನೆ. ಅವರಿಗೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿಯೇ ಏನೋ ಒಳಗೆ ಬಿತ್ತು ಎಂದಿದ್ದರು. ಅದು ಮಸೂರವೋ ಪೊರೆಯ ಚೂರೋ ನಮಗೆ ತಿಳಿಯದು.

ಬಂಗಾರಪೇಟೆ ರೈಲು, ಕೋಲಾರ

ಅದನ್ನು ತಡಮಾಡದೆ ಪತ್ತೆ ಮಾಡಿಸಿ. ಪ್ಲಾಸ್ಟಿಕ್ ಮಸೂರ ಒಳಗೆ ಬಿದ್ದರೆ ಕಣ್ಣು ಕೆಲಕಾಲ ಸಹಿಸುತ್ತದೆ. ಹುಟ್ಟು ಮಸೂರದ ಗಟ್ಟಿ ಚೂರು ಬಿದ್ದರೆ ಉರಿಯೂತ ಕೆರಳುತ್ತದೆ, ಒತ್ತಡ ಏರುತ್ತದೆ.

ಗೂಡುಸಂತೆ ಅವರೇ, ಎಡಗಣ್ಣು ಹೀಗೆಯೇ ಆಗಬೇಕೆಂದಿಲ್ಲ. ಪುಡಿ ಇದೆ ಎಂದು ಮೊದಲೇ ತಿಳಿದಿರುವುದು ದೊಡ್ಡ ಅನುಕೂಲ. ಪೊರೆ ತೀರಾ ಗಟ್ಟಿಯಾಗುವವರೆಗೆ ಬಿಡಬೇಡಿ, ಗಟ್ಟಿಯಾದಷ್ಟೂ ತೆಗೆಯುವಾಗ ಎಳೆಗಳಿಗೆ ಜಗ್ಗುವಿಕೆ ಹೆಚ್ಚು. ಎಳೆಗಳು ದುರ್ಬಲವೆಂದು ಕಂಡರೆ ಚೀಲದೊಳಗೆ ಒಂದು ಸಣ್ಣ ಉಂಗುರ ಇಟ್ಟು ಅದನ್ನು ಹರಡಿ ನಿಲ್ಲಿಸುತ್ತಾರೆ. ಈ ಪುಡಿ ಗ್ಲಾಕೋಮಾವನ್ನೂ (ದೃಷ್ಟಿನರ ಹಾಳಾಗುವ ಕಾಯಿಲೆ) ತರಬಲ್ಲದು, ಆದ್ದರಿಂದ ಎರಡೂ ಕಣ್ಣುಗಳ ಒತ್ತಡವನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ ನೋಡಿಸಿ. ಬಲಗಣ್ಣಿನಲ್ಲಿ ನೋವು, ಕೆಂಪು, ದೃಷ್ಟಿ ಕುಗ್ಗುವುದು ಯಾವುದೇ ಕಂಡರೂ ಮುಂದಿನ ಭೇಟಿಯ ತನಕ ಕಾಯಬಾರದು. ಈ ಸಲದ ಬಿಡುಗಡೆ ಚೀಟಿಯಲ್ಲಿ ಯಾವ ದಾರದಿಂದ, ಎಲ್ಲಿ ಹೊಲಿದಿದ್ದಾರೆ ಎಂಬುದು ಇರುತ್ತದೆ. ಅದರ ಫೋಟೊ ತೆಗೆದು ಮನೆಯಲ್ಲಿ ಇಬ್ಬರ ಮೊಬೈಲ್‌ನಲ್ಲಿ ಇಡಿ.

ಗೂಡುಸಂತೆ, ಶಿಡ್ಲಘಟ್ಟ

ತೆಗೆದೆ. ತಂಗಿಗೂ ಕಳುಹಿಸಿದ್ದೇನೆ. ಎಡಗಣ್ಣಿನ ವಿಷಯವನ್ನು ಮುಂದಿನ ಭೇಟಿಯಲ್ಲಿಯೇ ಕೇಳುತ್ತೇವೆ.